ಕಪ್ಪು ಖಾತೆಯ ಕೊಡುಕೊಳೆ

ಅದಿಶ ಕ್ಷೇತ್ರ ಎಂದ ಕೂಡಲೇ ಪುಟ ತಿರುಗಿಸಬೇಡಿ. ಟಿವಿಯ ಹವಾಮಾನ ನಕ್ಷೆಯಲ್ಲಿ ರಾಯಚೂರಿನ ಮೇಲೊಂದು ಅಂಕಿ, ಮಡಿಕೇರಿಯ ಮೇಲೊಂದು ಅಂಕಿ ಇರುತ್ತದಲ್ಲ, ಅದೇ. ಪ್ರತಿ ಜಾಗಕ್ಕೂ ಒಂದು ಸಂಖ್ಯೆ, ದಿಕ್ಕಿನ ಗೊಡವೆಯಿಲ್ಲ. ಇಂಥದೊಂದು ಕ್ಷೇತ್ರ ವಿಶ್ವವನ್ನೆಲ್ಲ ತುಂಬಿಕೊಂಡು ತೀರಾ ನಿಧಾನವಾಗಿ ಬದಲಾಗುತ್ತಿದ್ದರೆ ವಿಶ್ವದ ಹಿಗ್ಗುವಿಕೆಗೆ ವೇಗ ಬರುತ್ತದೆ. 1988ರಲ್ಲಿ ಭೌತವಿಜ್ಞಾನಿ ವೆಟರಿಕ್ ಒಂದು ಕಡೆ, ರಾತ್ರ ಮತ್ತು ಪೀಬಲ್ಸ್ ಇನ್ನೊಂದು ಕಡೆ ಇದನ್ನು ಬರೆದಿಟ್ಟರು. ಸಿಡಿಯುವ ತಾರೆಗಳಾದ ಸೂಪರ್‌ನೋವಾಗಳು ಆ ವೇಗವನ್ನು ತೋರಿಸಿಕೊಟ್ಟದ್ದು ಹತ್ತು ವರ್ಷ ಕಳೆದ ಮೇಲೆ.

ಹಿಗ್ಗುವಿಕೆಗೆ ವೇಗ ಕೊಡುವ ಇದಕ್ಕೆ ಕಪ್ಪುಶಕ್ತಿ ಎಂದು ಹೆಸರು. ಅದು ತನ್ನ ಪಾಡಿಗೆ ತಾನಿದೆಯೋ, ಕಣ್ಣಿಗೆ ಕಾಣದ ಕಪ್ಪುದ್ರವ್ಯದ ಜೊತೆ ಒಳಗೊಳಗೇ ಕೊಡುಕೊಳೆ ಇಟ್ಟುಕೊಂಡಿದೆಯೋ? 2000ದಲ್ಲಿ ಲೂಕಾ ಅಮೆಂಡೋಲ ಈ ಎರಡನೆಯದನ್ನು ಗಣಿತಕ್ಕಿಳಿಸಿದರು. ನನಗೆ ರುಚಿ ಹತ್ತಿದ್ದು ಇಲ್ಲಿಂದಲೇ.

ಇದರ ಸೊಗಸು 2006ರ ಒಂದು ಪ್ರಬಂಧದಲ್ಲಿದೆ. ಬರೆದವರು ಸುಬಿನಯ್ ದಾಸ್, ಕೊರಸಾನಿಟಿ, ಖೌರಿ. ದಾಸ್ ಮುಂದೆ ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ ಬಂದರು. ಕ್ಷೇತ್ರ ಬದಲಾದಂತೆ ಕಪ್ಪುದ್ರವ್ಯದ ಕಣಗಳು ತೂಕ ಏರಿಸಿಕೊಳ್ಳುತ್ತಿವೆ ಎಂದುಕೊಳ್ಳಿ. ನಮಗದು ಗೊತ್ತಿಲ್ಲ. ಇವತ್ತಿನ ತೂಕವನ್ನೇ ಹಿಡಿದು, ದೂರ ಅರ್ಧವಾದರೆ ದ್ರವ್ಯ ಎಂಟು ಪಟ್ಟು ದಟ್ಟ ಎಂದು ಹಿಂದಕ್ಕೆ ಲೆಕ್ಕ ಹಾಕುತ್ತೇವೆ. ಆಗ ಹಳೆಯ ಕಾಲದ ದ್ರವ್ಯ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ಒಟ್ಟು ಮೊತ್ತ ಹೊಂದಬೇಕಲ್ಲ? ಕಪ್ಪುಶಕ್ತಿಯ ಪಾಲನ್ನು ಕತ್ತರಿಸುತ್ತೇವೆ. ಭೂತ ಎಂದು ಕರೆಯುವ, ಹಿಗ್ಗಿದಷ್ಟೂ ಬೆಳೆಯುವ ಶಕ್ತಿಯೊಂದು ಕಾಗದದ ಮೇಲೆ ಹುಟ್ಟುತ್ತದೆ. ಸಾಧು ಕ್ಷೇತ್ರಕ್ಕೆ ಭೂತದ ವೇಷ!

ನಮ್ಮ ನಿಮ್ಮ ಮೈಯ ಪರಮಾಣುಗಳಿಗೆ ಈ ವ್ಯವಹಾರದಲ್ಲಿ ಪಾಲಿಲ್ಲ. ಇದ್ದಿದ್ದರೆ ಅದು ಗುರುತ್ವದ ಪಕ್ಕದಲ್ಲಿ ಹೊಸದೊಂದು ಬಲವಾಗಿ ಕಾಣಬೇಕಿತ್ತು. ಸಿಯಾಟಲ್‌ನಲ್ಲಿ ಸಣ್ಣ ಎಳೆಗೆ ತೂಗುಬಿಟ್ಟ ತಿರುಚು ತಕ್ಕಡಿಗಳು ವರ್ಷಗಟ್ಟಲೆ ಹುಡುಕಿದರೂ ಅದು ಸಿಕ್ಕಿಲ್ಲ.

ಈ ಹಳೆಯ ಪ್ರಬಂಧವನ್ನು ಮತ್ತೆ ತೆಗೆಯುವಂತೆ ಮಾಡಿದ್ದು ಅರಿಜೋನಾದ ಕಿಟ್ ಪೀಕ್ ಬೆಟ್ಟದ ಡೆಸಿ ಉಪಕರಣ. 5000 ಪುಟಾಣಿ ರೋಬೊಗಳು ಒಂದೊಂದು ಗಾಜಿನೆಳೆಯನ್ನು ಒಂದೊಂದು ಗೆಲಾಕ್ಸಿಯ ಬೆಳಕಿಗೆ ಸರಿಯಾಗಿ ಹಿಡಿಯುತ್ತವೆ. 2025ರ ಮಾರ್ಚ್‌ನಲ್ಲಿ ಪ್ರಕಟವಾದ ಅದರ ಮೂರು ವರ್ಷದ ಲೆಕ್ಕವನ್ನು ಬೇರೆ ವೀಕ್ಷಣೆಗಳ ಜೊತೆ ಸೇರಿಸಿದರೆ, ಕಪ್ಪುಶಕ್ತಿ ಕಾಲಕಾಲಕ್ಕೆ ಬದಲಾಗಿರಬಹುದು, ಹಿಂದೊಮ್ಮೆ ಭೂತದ ಗೆರೆಯನ್ನೂ ದಾಟಿದ್ದಿರಬಹುದು ಎನಿಸುತ್ತದೆ. ಯಾವ ಸೂಪರ್‌ನೋವಾ ಪಟ್ಟಿ ಸೇರಿಸಿದಿರಿ ಎನ್ನುವುದನ್ನು ಅವಲಂಬಿಸಿ ಈ ಸುಳಿವಿನ ಬಲ, ಖಚಿತತೆಯ ಅಳತೆಯಾದ ಸಿಗ್ಮಾದಲ್ಲಿ, 2.8ರಿಂದ 4.2. ಶೋಧ ಎನ್ನಲು 5 ಬೇಕು.

ನನ್ನ ತೀರ್ಪು ಕೇಳಿದರೆ: ಪ್ರಬಂಧದ ಉಪಾಯ ಚೆನ್ನ, ಆದರೆ ಸಲಿಗೆ ಜಾಸ್ತಿ. ಕ್ಷೇತ್ರ ಬದಲಾಗುವ ರೀತಿ ನಿಮ್ಮಿಷ್ಟ, ಕೊಡುಕೊಳೆಯ ದರವೂ ನಿಮ್ಮಿಷ್ಟ ಎಂದಾದರೆ ಯಾವ ಗ್ರಾಫಿಗೂ ಗೆರೆ ಹೊಂದಿಸಬಹುದು. ಗೆಲಾಕ್ಸಿಗಳು ಗುಂಪುಗೂಡುವ ವೇಗದಲ್ಲೂ ಇದೇ ದರ ಕಂಡರೆ ಆಗ ಒಪ್ಪುತ್ತೇನೆ.

ಅಂದಹಾಗೆ, ಡೆಸಿಯ ಮೊದಲ ಕಂತಿನ ದತ್ತಾಂಶ ಎಲ್ಲರಿಗೂ ಉಚಿತ. ಪೂರ್ತಿ ಇಳಿಸಿಕೊಳ್ಳಲು ಮಾತ್ರ ಹೋಗಬೇಡಿ, ಅದು ಸುಮಾರು 270 ಟೆರಾಬೈಟ್ ಇದೆ.