ಹುಳಿ ಮಜ್ಜಿಗೆಯೋ, ಬಿಳಿ ಹಾಲೋ?

‘ಹುಳಿ ಮಜ್ಜಿಗೆ’ ಎಂದರೆ ಮಜ್ಜಿಗೆಯೆಲ್ಲ ಹುಳಿ ಎಂದು ಯಾರೂ ತಿಳಿಯುವುದಿಲ್ಲ. ‘ಬಿಳಿ ಹಾಲು’ ಎಂದರೆ ಹಾಲೆಲ್ಲ ಬಿಳಿಯೇ. ‘ಟಾಕ್ಸಿಕ್ ಮ್ಯಾಸ್ಕುಲಿನಿಟಿ’ಯ ಜಗಳವೆಲ್ಲ ಈ ಎರಡರ ನಡುವಿನದು. ಆಡುವವರ ಮನಸ್ಸಿನಲ್ಲಿ ಹುಳಿ ಮಜ್ಜಿಗೆ. ಕೇಳುವ ಗಂಡಸರ ಕಿವಿಗೆ ಬೀಳುವುದು ಬಿಳಿ ಹಾಲು. ‘ವಿಷಕಾರಿ ಗಂಡಸುತನ’ ಎಂದು ಕನ್ನಡಿಸಿದರೂ ತೊಡಕು ಬಿಡದು.

ತಮಾಷೆಯೆಂದರೆ ಈ ಮಾತು ಗಂಡಸರನ್ನು ಬಯ್ಯಲು ಹುಟ್ಟಿದ್ದೇ ಅಲ್ಲ. 1980–90ರ ದಶಕದ ಅಮೆರಿಕದಲ್ಲಿ ಕಾಡಿನಲ್ಲಿ ಶಿಬಿರ ಹೂಡಿ, ಡೋಲು ಬಡಿದು, ಕಳೆದುಹೋದ ಗಂಡಸುತನವನ್ನು ಹುಡುಕುತ್ತಿದ್ದ ಗಂಡಸರ ನಡುವಿನಿಂದಲೇ ಬಂದದ್ದು. 2005ರಲ್ಲಿ ಮನೋವೈದ್ಯ ಟೆರ್ರಿ ಕೂಪರ್ಸ್ ಅದಕ್ಕೊಂದು ಹದ ತಂದರು: ಇತರರನ್ನು ತುಳಿಯುವ, ಹೆಣ್ಣನ್ನು ಕೀಳಾಗಿ ಕಾಣುವ, ಸಲಿಂಗಿಗಳನ್ನು ದ್ವೇಷಿಸುವ, ಹೊಡೆದಾಟವನ್ನು ಮೆರೆಸುವ ಗುಣಗಳ ಗಂಟು. ಜೈಲಿನ ಗಂಡಸರು ಮಾನಸಿಕ ಚಿಕಿತ್ಸೆಗೆ ಯಾಕೆ ಒಲ್ಲೆ ಎನ್ನುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ಇಷ್ಟು ಬಿಗಿಯಾಗಿ ಹಿಡಿದರೆ ನನಗೆ ಪದದ ಮೇಲೆ ತಕರಾರಿಲ್ಲ.

ಸಡಿಲವಾದದ್ದು ಆಮೇಲೆ. 2018ರಲ್ಲಿ ಆಕ್ಸ್‌ಫರ್ಡ್ ನಿಘಂಟು ‘ಟಾಕ್ಸಿಕ್’ ಅನ್ನು ವರ್ಷದ ಪದವೆಂದು ಆರಿಸಿತು. 2019ರ ಜನವರಿಯಲ್ಲಿ, ಗಂಡಸರು ನಡತೆ ತಿದ್ದಿಕೊಳ್ಳಲಿ ಎನ್ನುವ ಜಿಲೆಟ್ ಬ್ಲೇಡಿನ ಜಾಹೀರಾತು ಬಂತು. ಮೂವತ್ತು ವರ್ಷ ಗಂಡಸರನ್ನು ಹೊಗಳಿಯೇ ಬ್ಲೇಡು ಮಾರಿದವರು ಒಮ್ಮೆಲೇ ಬುದ್ಧಿ ಹೇಳಲು ನಿಂತರೆ ಸಿಟ್ಟು ಬರದೇ ಇದ್ದೀತೇ? ಸಂಶೋಧನೆಯ ಮಾತು ಅಂಗಡಿಯ ಮಾತಾಯಿತು.

ನನ್ನ ನಿಜವಾದ ಆಕ್ಷೇಪ ಬೇರೆ. 2021ರಲ್ಲಿ ಭಾರತದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಮಂದಿಯಲ್ಲಿ 1,18,979 ಗಂಡಸರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ. ನೋವನ್ನು ಬಾಯಿಬಿಟ್ಟು ಹೇಳಬಾರದೆಂಬ ಪಾಠ ಈ ಸಾವುಗಳ ಹಿಂದೆ ಇದ್ದೇ ಇದೆ, ಒಪ್ಪೋಣ. ಆದರೆ ಸಾಲ, ಕುಡಿತ, ಕೈಹೋದ ಕೆಲಸ? ಎಲ್ಲವನ್ನೂ ಒಂದೇ ವಿಶೇಷಣದ ಮೂಟೆಗೆ ತುಂಬಿದರೆ ಯಾವುದನ್ನೂ ಬಿಚ್ಚಿ ನೋಡುವುದಾಗುವುದಿಲ್ಲ. ಕೂಪರ್ಸ್ ಕೇಳಿದ ಜೈಲಿನ ಪ್ರಶ್ನೆಯೂ ಅಷ್ಟೇ: ಅಲ್ಲಿನ ಗಡಸುತನ ಬರೀ ಗುಣದ ಮಾತಲ್ಲ, ಮೆತ್ತಗಿದ್ದವನಿಗೆ ಅಲ್ಲಿ ಬದುಕುವುದೇ ಕಷ್ಟ.

ನೆಂಟರ ಮನೆಯ ಸಾವೊಂದು ನೆನಪಾಗುತ್ತದೆ. ಹದಿನಾಲ್ಕರ ಹುಡುಗ, ಹೆಗಲ ಮೇಲೆ ನೀರಿನ ಮಡಕೆ, ಬಿಕ್ಕುತ್ತಿದ್ದ. ಅವನ ಸೋದರಮಾವ ಬೆನ್ನು ತಟ್ಟಿ, ‘ಗಂಡ್ಸಲ್ವೇನೋ, ಅಳ್ಬಾರ್ದು’ ಅಂದರು. ಅವರ ದನಿಯಲ್ಲಿ ಇದ್ದದ್ದು ಅಕ್ಕರೆಯೇ. ಅವರಿಗೂ ಯಾರೋ ಹಾಗೇ ಹೇಳಿದ್ದಿರಬೇಕು. ಹುಡುಗ ತುಟಿ ಕಚ್ಚಿ ನಿಂತ. ಆ ಮಾವನಿಗೆ ‘ಇದು ವಿಷಕಾರಿ ಗಂಡಸುತನ’ ಎಂದಿದ್ದರೆ ‘ನಾನೇನು ವಿಷ ಹಾಕಿದ್ನಾ?’ ಎನ್ನುತ್ತಿದ್ದರು. ‘ಅಳಲಿ ಬಿಡಿ’ ಅಂದಿದ್ದರೆ ಬಹುಶಃ ಬಿಡುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ನಾನು ಅದನ್ನೂ ಹೇಳಲಿಲ್ಲ.