ಕಿವಿಗೊಟ್ಟು ಓದಬೇಕಾದ ಕಾದಂಬರಿ

ಜೋರಾ ನೀಲ್ ಹರ್ಸ್ಟನ್ ಅವರ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಕೈಗೆತ್ತಿಕೊಂಡ ಹೊಸಬರು ಮೊದಲ ಪುಟಗಳಲ್ಲೇ ತಡವರಿಸುವುದುಂಟು. ಪಾತ್ರಗಳು ಆಡುವುದು ಶಾಲೆಯ ಇಂಗ್ಲಿಷಲ್ಲ, ಅಮೆರಿಕದ ದಕ್ಷಿಣದ ಕಪ್ಪು ಜನರ ಆಡುಮಾತು. ಬಾಯಲ್ಲಿ ಬಂದಂತೆಯೇ ಕಾಗುಣಿತ. ಹೆದರಬೇಡಿ, ಗಟ್ಟಿಯಾಗಿ ಓದಿ. ಕಣ್ಣಿಗೆ ತೊಡರಿದ ಪದ ಕಿವಿಗೆ ಬಿದ್ದೊಡನೆ ತಿಳಿಯುತ್ತದೆ. ದೇವನೂರರ ‘ಕುಸುಮಬಾಲೆ’ಯನ್ನು ಹೀಗೆಯೇ ಬಾಯಿಬಿಟ್ಟು ಓದಿ ದಕ್ಕಿಸಿಕೊಂಡ ಕನ್ನಡಿಗರಿಗೆ ಈ ದಾರಿ ಹೊಸದಲ್ಲ.

ಆ ಮಾತು ಬಂದದ್ದು ಒಂದು ಜಗಲಿಯಿಂದ. 1891ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ಜೋರಾ ಬೆಳೆದದ್ದು ಫ್ಲಾರಿಡಾದ ಈಟನ್‌ವಿಲ್‌ನಲ್ಲಿ. 1887ರಲ್ಲಿ ಕಪ್ಪು ಜನ ತಮಗಾಗಿ ಕಟ್ಟಿಕೊಂಡು, ತಾವೇ ಆಳಿಕೊಂಡ ಊರದು. ಅಲ್ಲಿಯ ಅಂಗಡಿಯ ಜಗಲಿಯಲ್ಲಿ ಕೂತವರು ಒಬ್ಬರನ್ನೊಬ್ಬರು ಮೀರಿಸುವಂತೆ ಸುಳ್ಳುಕತೆ ಕಟ್ಟುತ್ತಿದ್ದರು. ಸಾಮಾನು ತರಲು ಬಂದ ಹುಡುಗಿ ಅವನ್ನು ಕೇಳುತ್ತ ಬೇಕೆಂದೇ ತಡಮಾಡುತ್ತಿದ್ದಳು. ಮುಂದೆ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜು, ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ಅವರ ಶಿಷ್ಯತ್ವ. 1927ರಿಂದ ಜನಪದ ಕತೆಗಳನ್ನು ಹುಡುಕುತ್ತ ದಕ್ಷಿಣದ ಮರ ಕಡಿಯುವವರ ಬಿಡಾರಗಳು, ನ್ಯೂ ಆರ್ಲಿಯನ್ಸ್, ಬಹಾಮಾಸ್ ಸುತ್ತಿದರು. ಕಾದಂಬರಿಯನ್ನು ಬರೆದದ್ದು 1936ರಲ್ಲಿ, ಹೈಟಿಯಲ್ಲಿ, ಅವರೇ ಹೇಳಿಕೊಂಡಂತೆ ಏಳು ವಾರಗಳಲ್ಲಿ. ಸುತ್ತ ಬೇರೆಯದೇ ನುಡಿ ಕೇಳುತ್ತಿದ್ದಾಗ ತನ್ನೂರಿನ ದನಿ ಒಳಗೆ ಇನ್ನಷ್ಟು ಸ್ಪಷ್ಟವಾಯಿತೆಂದೇ ನನ್ನ ನಂಬಿಕೆ. ಜಗಲಿಯಲ್ಲೇ ಉಳಿದಿದ್ದರೆ ಅವರು ಒಳ್ಳೆಯ ಕತೆಗಾರ್ತಿ ಆಗುತ್ತಿದ್ದರು. ಇಂಥ ಕಾದಂಬರಿ ಬರೆಯಲು ಆ ದೂರ ಬೇಕಿತ್ತು.

ಆ ಜಗಲಿಯ ಮಾತನ್ನು ಸವಿಯಲು ಕಾದಂಬರಿಯ ಆರನೇ ಅಧ್ಯಾಯದಲ್ಲಿ ನಿಲ್ಲಿ. ಮ್ಯಾಟ್ ಬಾನರ್‌ನ ಬಡಕಲು ಹೇಸರಗತ್ತೆಯ ಮೇಲೆ ಜಗಲಿಯವರು ದಿನವೂ ಹೊಸ ಗೇಲಿ ಕಟ್ಟುತ್ತಾರೆ. ಕತ್ತೆ ಸತ್ತಾಗ ಊರಿಗೆ ಊರೇ ಅದನ್ನು ಎಳೆದುಕೊಂಡು ಹೋಗುತ್ತದೆ; ಮೇಯರ್ ಜೋ ಸ್ಟಾರ್ಕ್ಸ್ ಅದರ ಉಬ್ಬಿದ ಹೊಟ್ಟೆಯನ್ನೇ ವೇದಿಕೆ ಮಾಡಿಕೊಂಡು ಭಾಷಣ ಬಿಗಿಯುತ್ತಾನೆ. ಜನ ಚದುರಿದ ಮೇಲೆ ರಣಹದ್ದುಗಳು ಬಂದು ತಮ್ಮದೇ ಪುರೋಹಿತನೊಂದಿಗೆ ಇನ್ನೊಂದು ಉತ್ತರಕ್ರಿಯೆ ನಡೆಸುತ್ತವೆ. ನಕ್ಕುಬಿಡಿ, ನಗಲೆಂದೇ ಬರೆದದ್ದು. ಆದರೆ ಕಾದಂಬರಿಯ ನಾಯಕಿ ಜೇನಿಯ ಮೇಲೆ ಕಣ್ಣಿರಲಿ. ಅವಳಿಗೂ ಕತ್ತೆಯ ಬಗ್ಗೆ ಸೊಗಸಾದ ಕತೆಗಳು ಹೊಳೆಯುತ್ತವೆ. ಗಂಡ ಜೋ ಅವಳು ಜಗಲಿಯವರ ಜೊತೆ ಮಾತಿಗಿಳಿಯಕೂಡದೆಂದು ತಡೆದಿದ್ದಾನೆ. ಇಡೀ ಕಾದಂಬರಿಯ ನೋವು ಇಲ್ಲಿದೆ: ಮಾತಿನ ಹಬ್ಬ ನಡೆಯುವ ಮನೆಯಲ್ಲೇ ಬಾಯಿ ಕಟ್ಟಿದ ಹೆಂಗಸು. ಈಗ ಮೊದಲ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಅಲ್ಲಿ ಜೇನಿ ತನ್ನ ಬದುಕನ್ನೆಲ್ಲ ಹೇಳಿಕೊಳ್ಳುವುದು ಹಿತ್ತಲ ಮೆಟ್ಟಿಲಲ್ಲಿ, ಗೆಳತಿ ಫೀಬಿಯೊಬ್ಬಳ ಮುಂದೆ.

ನಿರೂಪಣೆಯನ್ನೂ ಗಮನಿಸಿ. ಮಾತು ಆಡುಭಾಷೆ, ನಿರೂಪಣೆ ಗ್ರಂಥದ ಭಾಷೆ ಎಂದು ಶುರುವಿನಲ್ಲಿ ಅನಿಸುತ್ತದೆ. ಹೋಗುತ್ತ ಹೋಗುತ್ತ ನಿರೂಪಣೆಯೊಳಗೂ ಜಗಲಿಯ ಲಯ ಇಳಿಯುತ್ತದೆ. ಉದ್ಧರಣ ಚಿಹ್ನೆ ಇಲ್ಲದ ಕಡೆಯೂ ಪಾತ್ರದ ಉಸಿರು ಕೇಳಿಸತೊಡಗಿದರೆ ನೀವು ಸರಿಯಾಗಿ ಓದುತ್ತಿದ್ದೀರಿ.

ಹದಿನೆಂಟನೇ ಅಧ್ಯಾಯದ ಚಂಡಮಾರುತಕ್ಕೆ ಹಿನ್ನೆಲೆ 1928ರಲ್ಲಿ ಫ್ಲಾರಿಡಾದ ಓಕಿಚೋಬಿ ಸರೋವರದ ಕಟ್ಟೆ ಒಡೆದ ದುರಂತ. ಮರುವರ್ಷ ಬಹಾಮಾಸ್‌ನಲ್ಲಿ ಜೋರಾ ಸ್ವತಃ ಒಂದು ಚಂಡಮಾರುತಕ್ಕೆ ಸಿಕ್ಕಿದ್ದರು; ಆ ಭಯ ಬರವಣಿಗೆಯಲ್ಲಿದೆ. ಬಿರುಗಾಳಿಗೆ ಮುಂಚೆ ಸೆಮಿನೋಲ್ ಮೂಲನಿವಾಸಿಗಳು ಗಂಟುಮೂಟೆ ಕಟ್ಟಿ ಹೊರಡುತ್ತಾರೆ, ಪ್ರಾಣಿಗಳೂ ಹೊರಡುತ್ತವೆ. ಬಹಾಮಾಸ್‌ನಿಂದ ಬಂದ ಗೆಳೆಯ ಕಾರಿನಲ್ಲಿ ಬನ್ನಿರೆಂದು ಕರೆಯುತ್ತಾನೆ. ಜೇನಿಯ ಪ್ರಿಯ ಟೀ ಕೇಕ್ ಕೇಳುವುದಿಲ್ಲ. ನೆರೆ ಇಳಿದ ಮೇಲೆ ಬಿಳಿಯರ ಹೆಣಗಳಿಗೆ ಪೆಟ್ಟಿಗೆ, ಕಪ್ಪು ಜನರ ಹೆಣಗಳಿಗೆ ಬರಿಯ ಸುಣ್ಣ. ಹತ್ತೊಂಬತ್ತನೇ ಅಧ್ಯಾಯದ ಆ ಭಾಗವನ್ನು ಅವಸರದಲ್ಲಿ ದಾಟಬೇಡಿ. 1937ರಲ್ಲಿ ಪುಸ್ತಕ ಬಂದಾಗ ರಿಚರ್ಡ್ ರೈಟ್ ಇದರಲ್ಲಿ ಸಂದೇಶವೇ ಇಲ್ಲವೆಂದು ಬರೆದರು. ದೊಡ್ಡ ಲೇಖಕ, ಆದರೆ ಈ ಪುಟವೊಂದೇ ಅವರಿಗೆ ಉತ್ತರ.

ಮುಗಿಸಿದ ಮೇಲೆ 1935ರ ‘ಮ್ಯೂಲ್ಸ್ ಅಂಡ್ ಮೆನ್’ ಓದಿ. ಜೋರಾ ತನ್ನೂರಲ್ಲಿ ಸಂಗ್ರಹಿಸಿದ ಕತೆಗಳು ಅಲ್ಲಿ ಹೇಳಿದವರ ಬಾಯಲ್ಲೇ ಇವೆ. ಯಾವುದು ಜಗಲಿಯಲ್ಲಿ ಸಿಕ್ಕಿದ್ದು, ಯಾವುದು ಜೋರಾ ಕಟ್ಟಿದ್ದು ಎಂದು ಆಗ ನೀವೇ ಗುರುತಿಸಬಲ್ಲಿರಿ.