ಭೀಮಸೇನ ಜೋಶಿಯವರ ಗಾಯನ: ತಟ್ಟೆಯೂ ಬೈಠಕ್ಕೂ

ಕಲಾವಿದನ ಕೀರ್ತಿಯು ಹಬ್ಬಿದಷ್ಟೂ ಅವನ ಕಲೆಯು ಜನಕ್ಕೆ ತಿಳಿದಿರುವುದೆಂದು ಹೇಳಬರುವಂತಿಲ್ಲ. 1922ರಲ್ಲಿ ಗದಗ-ರೋಣಗಳ ಸೀಮೆಯಲ್ಲಿ ಜನಿಸಿ, 2008ರಲ್ಲಿ ಭಾರತರತ್ನ ಪದವಿಗೆ ಪಾತ್ರರಾಗಿ, 2011ರಲ್ಲಿ ಪುಣೆಯಲ್ಲಿ ಕಾಲವಾದ ಪಂಡಿತ ಭೀಮಸೇನ ಜೋಶಿಯವರ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ರೋಣ, ನರಗುಂದ, ಗಜೇಂದ್ರಗಡಗಳ ಮನೆಗಳಲ್ಲಿ ಅವರು ಹಾಡಿದ ಪುರಂದರದಾಸರ ಲಕ್ಷ್ಮಿಯ ಪದವನ್ನು ಅರಿಯದವರು ವಿರಳ. ಅವರ ಶುದ್ಧಕಲ್ಯಾಣವನ್ನು ಒಂದು ತಾಸು ಕುಳಿತು ಕೇಳಿದವರೂ ಅಷ್ಟೇ ವಿರಳ.

ಇದಕ್ಕೆ ಗ್ರಾಮೋಫೋನ್ ತಟ್ಟೆಯನ್ನೇ ದೂರುವುದು ನ್ಯಾಯವಲ್ಲ. ಅಬ್ದುಲ್ ಕರೀಮಖಾನರ ಝಿಂಝೋಟಿ ಠುಮರಿಯ ತಟ್ಟೆಯೇ ಬಾಲಕ ಭೀಮಸೇನನನ್ನು ಮರುಳುಗೊಳಿಸಿತು. 1933ರಲ್ಲಿ, 11ರ ಪ್ರಾಯದಲ್ಲಿ, ಅವನು ಗುರುವನ್ನರಸುತ್ತ ಮನೆ ಬಿಟ್ಟನು. ಆದರೆ ಮೂರು ನಾಲ್ಕು ನಿಮಿಷಗಳ ಆ ತಟ್ಟೆಯು ಹಂಬಲವನ್ನು ಹುಟ್ಟಿಸಿತೇ ಹೊರತು ವಿದ್ಯೆಯನ್ನು ಕೊಡಲಿಲ್ಲ. ವಿದ್ಯೆಯು ದೊರೆತದ್ದು ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಸನ್ನಿಧಿಯಲ್ಲಿ, ವರ್ಷಗಟ್ಟಲೆಯ ಸಾಧನೆಯಿಂದ.

ಎರಡನೆಯ ಮಹಾಯುದ್ಧವು ಮುಗಿದ ತರುವಾಯ, 1948ರಲ್ಲಿ, ಅಮೆರಿಕೆಯ ಕೊಲಂಬಿಯಾ ಕಂಪನಿಯು ಒಂದು ಮಗ್ಗುಲಿಗೆ 20 ನಿಮಿಷಗಳಿಗೂ ಮಿಕ್ಕಿ ನುಡಿಯುವ ದೀರ್ಘ ತಟ್ಟೆಯನ್ನು ಹೊರಡಿಸಿತು. ಪಾಶ್ಚಾತ್ಯರ ವಾದ್ಯಮೇಳಕ್ಕೆ ಒದಗಿದ ಈ ಅವಕಾಶವು ಮುಂದೆ ಖ್ಯಾಲಿಗೂ ಒದಗಿತು. ಜೋಶಿಯವರ ವಿಲಂಬಿತವು ಉಸಿರಾಡುವಷ್ಟು ಎಡೆಯನ್ನು ಪಡೆಯಿತು. ಕಿರಾಣಾ ಘರಾಣೆಯ ಪದ್ಧತಿಯಂತೆ ಒಂದೊಂದೇ ಸ್ವರವನ್ನು ನೆಲೆಗೊಳಿಸಿ, ಮಂದ್ರದಿಂದ ತಾರಷಡ್ಜದವರೆಗೆ ರಾಗವನ್ನು ಬೆಳೆಸುವುದರಲ್ಲಿಯೇ ಅವರ ಹಿರಿಮೆಯಿದೆ. ಮೇಘದಂತೆ ಗುಡುಗುವ ತಾನಗಳು ಕೇಳುಗನನ್ನು ಬೆರಗುಗೊಳಿಸುವುವಾದರೂ, ಆ ನಿಧಾನದ ಬೆಳವಣಿಗೆಯಿಲ್ಲದೆ ಅವು ಬರಿಯ ಚಮತ್ಕಾರವೆನಿಸುವುವು. ಹೀಗಿದ್ದೂ ದೀರ್ಘ ತಟ್ಟೆಯು ಬೈಠಕ್ಕಿಗೆ ಸಮನಲ್ಲ. ಅಲ್ಲಿ ಗವಾಯಿಯು ಕೇಳುಗರ ಮೊಗವನ್ನು ನೋಡಿ ರಾಗವನ್ನು ಹಿಗ್ಗಿಸುತ್ತಾನೆ.

ದಾಸರ ಪದಗಳಲ್ಲಿ ಜೋಶಿಯವರು ಈ ಸಾಮರ್ಥ್ಯವನ್ನು ಬೇಕೆಂದೇ ಬಿಗಿಹಿಡಿದಿದ್ದಾರೆ. ಅಲ್ಲಿ ನುಡಿಯೇ ಒಡತಿ, ಸ್ವರವು ಪರಿಚಾರಿಕೆ. ಈ ಸಂಯಮವು ಮೆಚ್ಚತಕ್ಕದ್ದೇ. ಆದರೆ ಖ್ಯಾಲನ್ನು ಕೇಳದವನಿಗೆ ಅದು ಸಂಯಮವೆಂದು ತಿಳಿಯುವುದಾದರೂ ಹೇಗೆ? ತುಂಬಿದ ಕೆರೆಯನ್ನು ಕಂಡವನೇ ತೂಬಿನ ನೀರಿನ ಬೆಲೆಯನ್ನು ಬಲ್ಲನು.

ಕುಂದಗೋಳವಾಗಲಿ ಗದಗವಾಗಲಿ ಈ ಊರುಗಳಿಗೆ ದೂರವಲ್ಲ. ಹತ್ತಿರದ ನೆಲವು ಬೆಳೆಸಿದ ಗಾಯನವನ್ನು ಪುಣೆಯ ಕೇಳುಗರು ರಾತ್ರಿಗಟ್ಟಲೆ ಕುಳಿತು ಕೇಳಿದರು. ತವರಿನವರು ಅದರ ಒಂದು ಪದದಿಂದಲೇ ತೃಪ್ತರಾಗುವುದು ತರವಲ್ಲ. ಇಂಥವರು ಈ ನಾಡಿನಲ್ಲಿ ಹುಟ್ಟಿದರೆಂಬ ಹೆಮ್ಮೆಯು ಕೇಳುವ ಕಿವಿಗೆ ಬದಲಾಗಲಾರದು. ಕೇಳುವ ಕಿವಿಯಿಲ್ಲದ ನಾಡಿನಲ್ಲಿ ಮುಂದಿನ ಬಾಲಕನು ಮನೆ ಬಿಡುವುದಕ್ಕೂ ಕಾರಣವಿರುವುದಿಲ್ಲ.